ಬಿದಿರಿನ ಹಲಗೆಯೂ ಬೆಂಕಿಯೂ

ಒಣಗಿದ ಬಿದಿರುಮೆಳೆಗೆ ಕಾಡುಗಿಚ್ಚು ತಗುಲಿದಾಗ ಏಳುವ ಸಿಡಿತದ ಸದ್ದು ಪೂರ್ವಕವಿಗಳಿಗೆ ಪರಿಚಿತವಾದುದು. ಋತುಸಂಹಾರದ ಗ್ರೀಷ್ಮವರ್ಣನೆಯಲ್ಲಿಯೂ ಅದು ಬಂದಿದೆ. ಈ ಸದ್ದಿನ ಕಾರಣವು ಬಿದಿರಿನ ರಚನೆಯಲ್ಲಿಯೇ ಇದೆ. ಎರಡು ಗೆಣ್ಣುಗಳ ನಡುವಣ ಪೊಳ್ಳಿನಲ್ಲಿ ಸೆರೆಯಾದ ಗಾಳಿಯೂ ತೇವವೂ ಕಾದು ಹಿಗ್ಗಿ, ಹೊರಬೀಳಲು ದಾರಿ ಕಾಣದೆ ಗಳುವನ್ನು ಸೀಳುತ್ತವೆ. ಸೀಳಿದ ಮೇಲೆ ಒಳಮೈಗೂ ಉರಿ ಹತ್ತುವುದು. ಗಳುವಿನ ಗೋಡೆಯು ತೆಳುವಾದುದರಿಂದ ಬಲುಬೇಗನೆ ಉರಿದುಹೋಗುವುದು. ಆದಕಾರಣ ಬಿದಿರಿನ ಮನೆಯು ಬೆಂಕಿಗೆ ತುತ್ತೆಂಬ ಜನರ ಭಾವನೆಯು ಆಧಾರವಿಲ್ಲದ್ದಲ್ಲ.

ಆದರೆ ಯಂತ್ರಗಳಲ್ಲಿ ಸಿದ್ಧವಾಗುವ ಬಿದಿರಿನ ಹಲಗೆ ತೊಲೆಗಳು ಬೇರೊಂದು ಬಗೆಯವು. ಬಿದಿರನ್ನು ದಬ್ಬೆಗಳಾಗಿ ಸೀಳಿ, ಹೆರೆದು, ಒಣಗಿಸಿ, ಅಂಟು ಸವರಿ ಪದರಪದರವಾಗಿ ಒತ್ತುವುದು ಒಂದು ವಿಧ. ಜಜ್ಜಿದ ನಾರುಗಳನ್ನು ಅಂಟಿನಲ್ಲಿ ತೋಯಿಸಿ ಭಾರಿ ಒತ್ತಡದಲ್ಲಿ ಅಚ್ಚುಗಟ್ಟುವುದು ಮತ್ತೊಂದು ವಿಧ. ಎರಡರಲ್ಲಿಯೂ ಪೊಳ್ಳು ಅಳಿದು ಘನತೆ ಬರುತ್ತದೆ.

ಇಂತಹ ತೊಲೆಯು ಕಾದಾಗ 100 ಡಿಗ್ರಿ ಸೆಂಟಿಗ್ರೇಡಿನ ಸುಮಾರಿಗೆ ಅದರ ನೀರು ಆವಿಯಾಗುವುದು. 200 ಡಿಗ್ರಿಯನ್ನು ಮೀರಿದರೆ ವಸ್ತುವೇ ಒಡೆದು ಉರಿಯುವ ಅನಿಲಗಳು ಹೊರಡುವುವು. 300 ಡಿಗ್ರಿಯ ಹೊತ್ತಿಗೆ ಮೇಲುಪದರವು ಇದ್ದಲಾಗುವುದು. ಈ ಇದ್ದಲು ಶಾಖವನ್ನು ಸುಲಭವಾಗಿ ಒಳಕ್ಕೆ ಬಿಡದು. ಆದುದರಿಂದ ಒಳಗಿನ ತಿರುಳಿಗೆ ಅದೇ ಕವಚವಾಗುತ್ತದೆ.

ಮೆದುಮರದ ತೊಲೆಗಳಿಗೆ ಐರೋಪ್ಯ ನಿಯಮಾವಳಿಯು ನಿಮಿಷಕ್ಕೆ 0.65 ಮಿಲಿಮೀಟರ್ ಆಳ ಇದ್ದಲಾಗುವುದೆಂದು ಎಣಿಸುತ್ತದೆ. ಬಿದಿರಿನ ಪದರತೊಲೆಯ ವೇಗವೂ ಹೆಚ್ಚುಕಡಿಮೆ ಇದೇ ಮಟ್ಟದ್ದು. ಎರಡು ಮಗ್ಗುಲಲ್ಲಿ ಉರಿ ತಗುಲಿದ 100 ಮಿಲಿಮೀಟರ್ ದಪ್ಪದ ಮರದ ತೊಲೆಯಲ್ಲಿ, ಈ ಲೆಕ್ಕದಂತೆ, 30 ನಿಮಿಷಗಳಾದ ಮೇಲೆ 61 ಮಿಲಿಮೀಟರ್ ಉಳಿಯಬೇಕು. ಇದ್ದಲಿನ ಹಿಂದೆ ಕಾದು ಸತ್ತ್ವಗುಂದಿದ ಭಾಗವೆಂದು ಪ್ರತಿ ಮಗ್ಗುಲಿಗೂ ಇನ್ನು 7 ಮಿಲಿಮೀಟರ್ ಕಳೆದರೆ, ಭಾರ ಹೊರಲು ಮಿಗುವುದು 47 ಮಾತ್ರ.

ಈ ಗಣಿತವನ್ನು ಬಿದಿರಿಗೆ ಹಾಗೆಯೇ ಅನ್ವಯಿಸುವುದು ಅಪಾಯಕರ. ಬಿದಿರು ಉರಿಯುವುದಕ್ಕೆ ಬಹು ಮುಂಚೆಯೇ, ಬರಿಯ ಶಾಖದಿಂದಲೇ, ಬಲವನ್ನು ಕಳೆದುಕೊಳ್ಳತೊಡಗುತ್ತದೆ. ಮೇಲಾಗಿ ಅಂಟಿನ ಗುಣವೂ ಇಲ್ಲಿ ಮುಖ್ಯ. ಫಿನಾಲ್ ಫಾರ್ಮಾಲ್ಡಿಹೈಡ್ ಅಂಟು ಶಾಖವನ್ನು ಚೆನ್ನಾಗಿ ತಾಳುತ್ತದೆ. ಬೇಗ ಮೆದುವಾಗುವ ಅಂಟಾದರೆ ಇದ್ದಲಿನ ಪದರವು ಕಳಚಿಬಿದ್ದು, ಕವಚವಿಲ್ಲದ ಹೊಸ ಮೈ ಉರಿಗೆ ಒಡ್ಡಿಕೊಳ್ಳುತ್ತದೆ.

ಆದುದರಿಂದ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಪರೀಕ್ಷಿಸತಕ್ಕದ್ದು: ಮೈಮೇಲೆ ಉರಿಯು ಎಷ್ಟು ಬೇಗ ಹರಡುವುದು? ಭಾರವನ್ನು ಹೊತ್ತು ತೊಲೆಯು ಎಷ್ಟು ಹೊತ್ತು ನಿಲ್ಲುವುದು? 2022ರಲ್ಲಿ ಉದ್ಘಾಟಿತವಾದ ಬೆಂಗಳೂರು ವಿಮಾನನಿಲ್ದಾಣದ ಎರಡನೆಯ ಟರ್ಮಿನಲ್ಲಿನ ಒಳಛಾವಣಿಯಲ್ಲಿರುವಂತೆ ಬಿದಿರು ಹೊದಿಕೆಯಾಗಿರುವೆಡೆ ಮೊದಲನೆಯ ಪ್ರಶ್ನೆಯೇ ಪ್ರಧಾನ. ಫಾಸ್ಫೇಟ್, ಬೋರಾನ್ ಲವಣಗಳ ಸಂಸ್ಕಾರವು ಅಲ್ಲಿ ಉರಿಯ ಹರವನ್ನು ತಗ್ಗಿಸಬಲ್ಲುದು. ಕಂಬ ತೊಲೆಗಳಲ್ಲಿ ಎರಡನೆಯದು ಪ್ರಧಾನ. ಅಲ್ಲಿ ದಪ್ಪ, ಅಂಟು, ಜಿಪ್ಸಮ್ ಹೊದಿಕೆ ಇವುಗಳೇ ರಕ್ಷೆ. ಮೇಲ್ಮೈಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಹಲಗೆಯನ್ನು ಭಾರ ಹೊರುವುದಕ್ಕೂ ತಕ್ಕುದೆಂದು ನಂಬಿದರೆ, ಆ ತಪ್ಪಿನ ಬೆಲೆಯನ್ನು ತೆರತಕ್ಕವರು ಕೆಳಗೆ ವಾಸಿಸುವ ಜನರು.