ಬಯಾಸ್‌ಗೆ ಕಂಡ ಡಿಸ್ಕ್ ವಿಂಡೋಸ್‌ಗೆ ಏಕೆ ಕಾಣುವುದಿಲ್ಲ?

ಮದರ್‌ಬೋರ್ಡ್ ಸುಟ್ಟುಹೋಗಿದೆ, ಡಿಸ್ಕ್ ಮಾತ್ರ ಗಟ್ಟಿಯಾಗಿದೆ. ಅದನ್ನು ಬಿಚ್ಚಿ ಬೇರೊಂದು ಡೆಸ್ಕ್‌ಟಾಪಿಗೆ ಹಾಕಿದರೆ ಎಲ್ಲವೂ ಇದ್ದ ಹಾಗೇ ಸಿಗಬೇಕಲ್ಲ? ವಿಂಡೋಸ್ 10 ಬಂದ ಮೇಲೆ ಬಹಳ ಸಲ ಸಿಗುತ್ತದೆ. ಸಿಗದಿದ್ದಾಗ ನೀಲಿ ಪರದೆಯ ಮೇಲೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ಸಾಲು ಬರುತ್ತದೆ. ಡಿಸ್ಕ್ ಕೆಟ್ಟಿತೆಂದು ಜನ ಅದನ್ನು ಫಾರ್ಮ್ಯಾಟ್ ಮಾಡಿಬಿಡುತ್ತಾರೆ. ದಯವಿಟ್ಟು ಮಾಡಬೇಡಿ. ಸಾಮಾನ್ಯವಾಗಿ ಡಿಸ್ಕ್ ಕೆಟ್ಟಿರುವುದಿಲ್ಲ.

ಎರಡು ಪದಗಳನ್ನು ತಿಳಿದುಕೊಂಡರೆ ಸಾಕು. ಮದರ್‌ಬೋರ್ಡಿನ ಚಿಪ್ಪಿನಲ್ಲೇ ಇರುವ ತಂತ್ರಾಂಶ ಫರ್ಮ್‌ವೇರ್. ಬಯಾಸ್ ಎನ್ನುವುದು ಇದನ್ನೇ. ಒಂದು ಯಂತ್ರಭಾಗದೊಡನೆ ಹೇಗೆ ವ್ಯವಹರಿಸಬೇಕೆಂದು ಆಪರೇಟಿಂಗ್ ಸಿಸ್ಟಮ್‌ಗೆ ಹೇಳಿಕೊಡುವುದು ಡ್ರೈವರ್.

“ಬಯಾಸ್‌ನಲ್ಲಿ ಡಿಸ್ಕಿನ ಹೆಸರು ಕಾಣುತ್ತಿದೆ, ವಿಂಡೋಸ್ ಲೋಗೋ ಕೂಡ ಬಂತು, ಆಮೇಲೆ ಡಿಸ್ಕ್ ಸಿಗಲಿಲ್ಲ ಎಂದರೆ ಹೇಗೆ?” ಬಹುತೇಕರು ಎಡವುವುದು ಇಲ್ಲೇ, ಈ ವಿಷಯದ ಸೊಗಸಿರುವುದೂ ಇಲ್ಲೇ. ಗುಂಡಿ ಒತ್ತಿದಾಗ ಮೊದಲು ಡಿಸ್ಕನ್ನು ಓದುವುದು ಫರ್ಮ್‌ವೇರ್. ವಿಂಡೋಸ್‌ನ ಬೂಟ್ ಲೋಡರ್ ಆ ಸೌಲಭ್ಯವನ್ನೇ ಬಳಸಿಕೊಂಡು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲನ್ನೂ, ‘ಬೂಟ್ ಹೊತ್ತಿಗೇ ಬೇಕು’ ಎಂದು ಗುರುತು ಹಾಕಿರುವ ಡ್ರೈವರ್‌ಗಳನ್ನೂ ಮೆಮೊರಿಗೆ ತರುತ್ತದೆ. ಅಲ್ಲಿಗೆ ಫರ್ಮ್‌ವೇರ್‌ನ ಪಾಳಿ ಮುಗಿಯಿತು. ಮುಂದೆ ಕರ್ನಲ್ ತನ್ನದೇ ಡ್ರೈವರ್ ಹಿಡಿದು ಡಿಸ್ಕನ್ನು ಓದಬೇಕು. ಹೊಸ ಯಂತ್ರದ ಡಿಸ್ಕ್ ಕಂಟ್ರೋಲರ್‌ಗೆ ಹೊಂದುವ ಡ್ರೈವರ್ ಆ ಗುಂಪಿನಲ್ಲಿ ಬಂದಿಲ್ಲವೋ, ಕತೆ ಅಲ್ಲಿಗೇ ನಿಂತಿತು. ಆ ಡ್ರೈವರ್ ಅದೇ ಡಿಸ್ಕಿನ ಒಳಗೇ ಇರಬಹುದು. ಆದರೆ ಬೀಗದ ಕೈ ಪೆಟ್ಟಿಗೆಯೊಳಗೆ ಉಳಿದು ಮುಚ್ಚಳ ಬಿದ್ದ ಹಾಗಾಯಿತು.

ಆ ಗುರುತು ಇರುವುದು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ. ಪ್ರತಿ ಡ್ರೈವರ್‌ಗೂ ‘ಸ್ಟಾರ್ಟ್’ ಎಂಬ ಒಂದು ಅಂಕಿಯಿದೆ: 0 ಇದ್ದರೆ ಬೂಟ್ ಹೊತ್ತಿಗೇ ಬರುತ್ತದೆ, 3 ಇದ್ದರೆ ಕರೆದಾಗ ಮಾತ್ರ. ಡಿಸ್ಕನ್ನೇ ಓದಲಾಗದೆ ಕರೆಯುವುದು ಎಲ್ಲಿಂದ? ಡಿಸ್ಕನ್ನು ಅಲುಗಾಡಿಸದೆ, ಅದೇ ಯಂತ್ರದ ಬಯಾಸ್‌ನಲ್ಲಿ ಕಂಟ್ರೋಲರಿನ ಮೋಡನ್ನು ಎಎಚ್‌ಸಿಐನಿಂದ ರೇಡ್‌ಗೆ ಬದಲಿಸಿದರೂ ಇದೇ ನೀಲಿ ಪರದೆ ಬರಬಹುದು. ಹಾಗಾಗಿ ಹೊಸ ಯಂತ್ರದಲ್ಲಿ ಮೊದಲು ನೋಡಬೇಕಾದ್ದು ಈ ಸೆಟ್ಟಿಂಗನ್ನು. ಹಳೆಯದರಲ್ಲಿ ಇದ್ದದ್ದನ್ನೇ ಇಲ್ಲೂ ಇಡಿ. ಹಳೆಯ ಯಂತ್ರ ಇನ್ನೂ ಓಡುತ್ತಿದ್ದರೆ, ಮುಂದಿನ ಸಲ ಸೇಫ್ ಮೋಡ್‌ನಲ್ಲಿ ಏಳುವಂತೆ ಹೇಳಿಟ್ಟು ಆಮೇಲೆ ಡಿಸ್ಕ್ ಬಿಚ್ಚುವುದು ಇನ್ನೊಂದು ಉಪಾಯ. ಆಗ ವಿಂಡೋಸ್ ಸಾಮಾನ್ಯವಾಗಿ ಕೈಬಿಡುವ ಡಿಸ್ಕ್ ಡ್ರೈವರ್‌ಗಳನ್ನೂ ಎಬ್ಬಿಸಿ ನೋಡುತ್ತದೆ. ಅಲ್ಲಿ ಪಿನ್ ಬದಲು ಪಾಸ್‌ವರ್ಡ್ ಕೇಳಬಹುದು, ನೆನಪಿರಲಿ.

ಲಿನಕ್ಸ್ ಇದೇ ತೊಡಕನ್ನು ಬಿಡಿಸಿಕೊಂಡ ರೀತಿ ನನಗೆ ಬಲು ಇಷ್ಟ. ಬೂಟ್ ಲೋಡರ್ ಕರ್ನಲ್ಲಿನ ಜೊತೆಗೇ ಇನಿಟ್‌ರಾಮ್‌ಎಫ್‌ಎಸ್ ಎಂಬ ಡ್ರೈವರ್ ಗಂಟನ್ನೂ ಮೆಮೊರಿಗೆ ಹೊತ್ತು ತರುತ್ತದೆ. ಲಿನಕ್ಸ್ ವಿತರಣೆಗಳಲ್ಲೊಂದಾದ ಡೆಬಿಯನ್ ಆ ಗಂಟಿನಲ್ಲಿ ಬಹುಪಾಲು ಡಿಸ್ಕ್ ಡ್ರೈವರ್‌ಗಳನ್ನು ತುಂಬಿಡುವುದರಿಂದ ಎಲ್ಲಿ ಹಾಕಿದರೂ ಸಾಮಾನ್ಯವಾಗಿ ಏಳುತ್ತದೆ. ಇನ್ನೊಂದು ವಿತರಣೆ ಫೆಡೋರಾ ತಾನಿರುವ ಯಂತ್ರಕ್ಕೆ ಎಷ್ಟು ಬೇಕೋ ಅಷ್ಟನ್ನೇ ಕಟ್ಟುತ್ತದೆ. ಅದು ಹೊಸ ಯಂತ್ರದಲ್ಲಿ ಏಳದಿದ್ದರೆ ಬೂಟ್ ಮೆನುವಿನ ‘ರೆಸ್ಕ್ಯೂ’ ಸಾಲನ್ನು ಆರಿಸಿ.

ಡಿಸ್ಕಿನ ಜೊತೆ ಬಾರದೆ ಹಳೆಯ ಬೋರ್ಡಿನಲ್ಲೇ ಉಳಿಯುವ ಸಂಗತಿಗಳೂ ಇವೆ. ಯುಇಎಫ್ಐ ಎಂಬ ಹೊಸ ಬಗೆಯ ಫರ್ಮ್‌ವೇರ್ ಇರುವ ಯಂತ್ರಗಳಲ್ಲಿ ಯಾವ ಕಡತದಿಂದ ಬೂಟ್ ಆಗಬೇಕೆಂಬ ಟಿಪ್ಪಣಿ ಮದರ್‌ಬೋರ್ಡಿನ ಮೆಮೊರಿಯಲ್ಲಿರುತ್ತದೆ. ಹೊಸ ಬೋರ್ಡಿಗೆ ಅದು ಗೊತ್ತಿಲ್ಲ. ಡಿಸ್ಕಿನ ‘ಇಎಫ್ಐ’ ಫೋಲ್ಡರಿನೊಳಗಿನ ‘ಬೂಟ್’ ಫೋಲ್ಡರಿನಲ್ಲಿ ಗೊತ್ತಾದ ಹೆಸರಿನ ಕಡತವೊಂದಿದೆಯೇ ಎಂದಷ್ಟೇ ಹುಡುಕುತ್ತದೆ. ಬಿಟ್‌ಲಾಕರ್ ಹಾಕಿ ಡಿಸ್ಕನ್ನು ಗೂಢಲಿಪಿಗೆ ಬದಲಿಸಿದ್ದರೆ ಅದರ ಕೀಲಿ ಸಾಮಾನ್ಯವಾಗಿ ಹಳೆಯ ಯಂತ್ರದ ಟಿಪಿಎಂ ಎಂಬ ಭದ್ರತಾ ಚಿಪ್ಪಿಗೆ ಕಟ್ಟುಬಿದ್ದಿರುತ್ತದೆ, ಹೊಸ ಯಂತ್ರ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಕಂಪ್ಯೂಟರಿನ ಜೊತೆ ಬಂದ ಒಇಎಂ ಲೈಸೆನ್ಸ್ ಕೂಡ ಆ ಬೋರ್ಡಿಗೇ ಅಂಟಿರುತ್ತದೆ. ಬಿಡಿಯಾಗಿ ಕೊಂಡ ರಿಟೇಲ್ ಲೈಸೆನ್ಸನ್ನು ಮಾತ್ರ ಸಾಗಿಸಬಹುದು.

ಮನೆಯಲ್ಲಿ ಬಳಸದ ಡಿಸ್ಕೊಂದಿದ್ದರೆ ಅದಕ್ಕೆ ಡೆಬಿಯನ್ ಹಾಕಿ ಎರಡು ಮೂರು ಯಂತ್ರಗಳಿಗೆ ಬದಲಿಸಿ ನೋಡಿ. ಪ್ರತಿ ಸಲವೂ ಬೂಟ್ ಸಂದೇಶಗಳನ್ನು ನಿಧಾನವಾಗಿ ಓದಿ, ಕಂಟ್ರೋಲರ್ ಸಿಕ್ಕ ಸಾಲು ಯಾವುದು, ಡಿಸ್ಕ್ ಸಿಕ್ಕ ಸಾಲು ಯಾವುದು ಎಂದು ಗುರುತಿಸಿ. ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.