ಹಿತ್ತಿಲಲ್ಲಿ ಟ್ರ್ಯಾಂಪೋಲಿನ್: ಒಂದು ಸಲಕ್ಕೆ ಒಬ್ಬರೇ ಯಾಕೆ?

ಕೀಲ್ಪಾಕ್ ಕಡೆ ಕೆಲವು ಹಳೇ ಮನೆಗಳಲ್ಲಿ ಇನ್ನೂ ಹಿತ್ತಿಲು ಉಳಿದಿದೆ. ಬೆಂಗಳೂರಿನ ಫ್ಲಾಟ್ ಬಿಟ್ಟು ಬಂದವರಿಗೆ ಅಂಥ ಮನೆ ಬಾಡಿಗೆಗೆ ಸಿಕ್ಕರೆ ಮಕ್ಕಳು ಟ್ರ್ಯಾಂಪೋಲಿನ್ ಕೇಳೋದು ಸಹಜ. ಆರ್ಡರ್ ಮಾಡೋಕೆ ಮುಂಚೆ ಕೆಲವು ವಿಷಯ ತಿಳ್ಕೊಳ್ಳೋಣ.

ಮೊದಲನೇದು, ಇದು ಉಯ್ಯಾಲೆ ಥರ ಆಟಿಕೆ ಅಲ್ಲ. 1930ರ ದಶಕದಲ್ಲಿ ಅಮೆರಿಕದ ಅಯೋವಾದಲ್ಲಿ ಜಾರ್ಜ್ ನಿಸೆನ್ ಮತ್ತು ಲ್ಯಾರಿ ಗ್ರಿಸ್ವೋಲ್ಡ್ ಇದನ್ನ ಮಾಡಿದ್ದು ಜಿಮ್ನಾಸ್ಟ್‌ಗಳ ಅಭ್ಯಾಸಕ್ಕೆ. 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಇದೇ ಒಂದು ಸ್ಪರ್ಧೆ. ಮನೆಯಲ್ಲಿ ಇದನ್ನ ಇಟ್ಟುಕೊಳ್ಳೋದೇ ಬೇಡ ಅನ್ನೋದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಕೊಟ್ಟ ಸಲಹೆ. ಗಾಯಗಳಲ್ಲಿ ಸುಮಾರು ಮುಕ್ಕಾಲು ಪಾಲು ಒಟ್ಟಿಗೆ ಇಬ್ಬರು ಅಥವಾ ಹೆಚ್ಚು ಜನ ಹಾರುವಾಗ ಆಗಿದ್ದು ಅಂತಲೂ ಅದು ಹೇಳಿದೆ.

ಯಾಕೆ ಹೀಗೆ? ಸಣ್ಣ ಲೆಕ್ಕ ಹಾಕೋಣ. 70 ಕೆ.ಜಿ. ತೂಕದ ಅಪ್ಪ ಅರ್ಧ ಮೀಟರ್ ಎತ್ತರದಿಂದ ಮ್ಯಾಟ್ ಮೇಲೆ ಬಿದ್ದರೆ ಸ್ಪ್ರಿಂಗ್‌ಗಳಿಗೆ ಸುಮಾರು 343 ಜೂಲ್ ಶಕ್ತಿ ಹೋಗುತ್ತೆ. ಅದೇ ಕ್ಷಣದಲ್ಲಿ ಪಕ್ಕದಲ್ಲಿ 20 ಕೆ.ಜಿ.ಯ ಮಗು ಇದೆ ಅನ್ಕೊಳ್ಳಿ. ಆ ಶಕ್ತಿಯಲ್ಲಿ ಅರ್ಧ ಮಗುವಿಗೆ ಸೇರಿದರೂ ಸಾಕು, ಅದು ತಾನು ಹಾರಿದ್ದಕ್ಕಿಂತ ಸುಮಾರು 87 ಸೆಂ.ಮೀ. ಹೆಚ್ಚು ಮೇಲೆ ಚಿಮ್ಮುತ್ತೆ. ಅಷ್ಟು ಎತ್ತರದಿಂದ ಹೇಗೆ ಇಳೀಬೇಕು ಅನ್ನೋದು ಮಗುವಿಗೆ ಗೊತ್ತಿರಲ್ಲ. ಕಾಲು ಮುರಿಯೋದು, ಕತ್ತು ಉಳುಕೋದು ಹೀಗೇ. ಸುತ್ತ ಬಲೆ ಇದ್ದರೂ ಇದನ್ನ ತಡೆಯೋಕಾಗಲ್ಲ, ಯಾಕಂದ್ರೆ ಪೆಟ್ಟು ಬೀಳೋದು ಮ್ಯಾಟ್ ಮೇಲೇನೇ.

ಅದಕ್ಕೇ, ತರೋದು ಅಂತ ತೀರ್ಮಾನ ಆಗಿದ್ದರೆ ಈ ನಿಯಮಗಳಲ್ಲಿ ರಾಜಿ ಬೇಡ:

• ಒಂದು ಸಲಕ್ಕೆ ಒಬ್ಬರೇ. ಅಕ್ಕಪಕ್ಕದ ಮಕ್ಕಳು ಬಂದೇ ಬರ್ತಾರೆ. ಅವರಿಗೂ ನಗ್ತಾ "ಒವ್ವೊರುತ್ತರಾ" ಅನ್ನಿ, ತಮಿಳಲ್ಲಿ ಒಬ್ಬೊಬ್ಬರಾಗಿ ಅಂತ.
• 6 ವರ್ಷಕ್ಕಿಂತ ಚಿಕ್ಕವರು ಹತ್ತೋದು ಬೇಡ.
• ಪಲ್ಟಿ ಹೊಡೆಯೋದು ಬೇಡ. ತಲೆ, ಕತ್ತಿಗೆ ದೊಡ್ಡ ಪೆಟ್ಟಾಗೋದು ಅದರಿಂದ.
• ದೊಡ್ಡವರೊಬ್ಬರು ಫೋನ್ ಪಕ್ಕಕ್ಕಿಟ್ಟು ನೋಡ್ತಾ ಇರ್ಬೇಕು.

ಎಲ್ಲಿ ಇಡೋದು? ಸಮತಟ್ಟಾದ ಮಣ್ಣು ಅಥವಾ ಹುಲ್ಲಿನ ಮೇಲೆ. ಸುತ್ತಲೂ 2 ಮೀಟರ್‌ಗಿಂತ ಹೆಚ್ಚು ಜಾಗ ಖಾಲಿ ಇರಲಿ. ಕಾಂಪೌಂಡ್ ಗೋಡೆ, ಸಂಪ್ ಮುಚ್ಚಳ, ಬಟ್ಟೆ ಒಗೆಯೋ ಕಲ್ಲು ಹತ್ತಿರ ಬೇಡ. ಮೇಲೆ ಮಾವಿನ ಕೊಂಬೆ, ತೆಂಗಿನ ಮರ, ಕರೆಂಟ್ ವೈರ್ ಇದೆಯಾ ನೋಡಿ. ಹಿತ್ತಿಲಿಲ್ಲ, ಟೆರೇಸ್ ಮೇಲೆ ಇಡೋಣ ಅನ್ನೋ ಯೋಚನೆ ಇದ್ದರೆ ಬಿಟ್ಟುಬಿಡಿ. ಮ್ಯಾಟ್ ಎತ್ತರಕ್ಕೆ ಮೇಲಿಂದ ಹಾರಿದ್ದೂ ಸೇರಿದರೆ ಪ್ಯಾರಾಪೆಟ್ ಗೋಡೆ ಲೆಕ್ಕಕ್ಕೇ ಇಲ್ಲ.

ಇನ್ನು ಚೆನ್ನೈ ಹವೆ. ಸಮುದ್ರ ಇಲ್ಲಿಂದ ದೂರ ಇಲ್ಲ. ಉಪ್ಪಿನ ಗಾಳಿ, ಸೆಕೆ ಸೇರಿ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತೆ. ಫ್ರೇಮ್, ಸ್ಪ್ರಿಂಗ್ ಎರಡೂ ಗ್ಯಾಲ್ವನೈಸ್ ಆಗಿದೆಯಾ ಅಂತ ಕೊಳ್ಳುವಾಗಲೇ ಕೇಳಿ. ಬಿಸಿಲಿಗೆ ಮ್ಯಾಟ್‌ನ ಹೊಲಿಗೆ, ಬಲೆ, ಪ್ಯಾಡ್ ಎಲ್ಲಾ ಪುಡಿಯಾಗ್ತಾ ಬರುತ್ತೆ. ತಿಂಗಳಿಗೊಂದು ಸಲ ಹೊಲಿಗೆ ಎಳೆದು ನೋಡಿ, ಬೋಲ್ಟ್ ಬಿಗಿ ಮಾಡಿ. ಬಿಟ್ಟಾಗಲೂ ಸುರುಳಿಗಳ ನಡುವೆ ಸಂದು ಕಾಣೋ ಸ್ಪ್ರಿಂಗ್ ಸೋತಿದೆ ಅಂತರ್ಥ, ಬದಲಾಯಿಸಿ. ಮೇ ತಿಂಗಳಲ್ಲಿ ಮಕ್ಕಳನ್ನ ಹತ್ತಿಸೋ ಮುಂಚೆ ಮ್ಯಾಟ್ ಮೇಲೆ ಅಂಗೈ ಇಟ್ಟು ನೋಡಿ. ಒದ್ದೆ ಇದ್ದರೆ ಹಾರೋದೇ ಬೇಡ, ಜಾರುತ್ತೆ.

ಅಕ್ಟೋಬರ್‌ನಿಂದ ಡಿಸೆಂಬರ್ ಈಶಾನ್ಯ ಮಳೆಗಾಲ, ಚಂಡಮಾರುತದ ಕಾಲ. 2016ರ ಡಿಸೆಂಬರ್ 12ರ ವರ್ದಾ ಈ ಊರಿನಲ್ಲಿ ಸಾವಿರಾರು ಮರ ಉರುಳಿಸಿತ್ತು. ಅಂಥ ಗಾಳಿಗೆ ಟ್ರ್ಯಾಂಪೋಲಿನ್ ಹಾಯಿ ಥರ, ಎದ್ದು ಪಕ್ಕದ ಮನೆ ಕಿಟಕಿಗೆ ಹೋಗಬಹುದು. ಮುನ್ಸೂಚನೆ ಬಂದ ದಿನವೇ ಬಲೆ, ಮ್ಯಾಟ್ ಬಿಚ್ಚಿ ಒಳಗಿಡಿ, ಫ್ರೇಮ್ ನೆಲಕ್ಕೆ ಬಿಗಿಯಿರಿ.

ಕೊನೇದಾಗಿ, ಯಾರಾದರೂ ಬಿದ್ದು ಕತ್ತು ನೋವು, ಕೈಕಾಲು ಜೋಮು ಅಂದರೆ ಎತ್ತಿ ಕೂರಿಸಬೇಡಿ. ಅಲ್ಲೇ ಅಲುಗಾಡದ ಹಾಗೆ ಮಲಗಿರಲಿ, 108ಕ್ಕೆ ಫೋನ್ ಮಾಡಿ. ಈ ನಿಯಮಗಳನ್ನ ದಿನಾ ಪಾಲಿಸೋಕೆ ಆಗಲ್ಲ ಅನ್ಸಿದರೆ ಅದೇ ದುಡ್ಡಿಗೆ ಸೈಕಲ್ ಕೊಡಿಸಿ. ಮತ್ತೆ ಸಿಗೋಣ.