ಧರ್ಮಕ್ಕೆ ಕಾನೂನಿನ ವಿನಾಯಿತಿ: ಭಾರ ಹೊರುವವರು ಯಾರು?

ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂಬ ತತ್ತ್ವವನ್ನು ಸಂವಿಧಾನದ 14ನೇ ವಿಧಿಯಲ್ಲಿ ಒಪ್ಪಿಕೊಂಡಿರುವ ಭಾರತದಲ್ಲಿ, ಧರ್ಮದ ಕಾರಣಕ್ಕಾಗಿಯೇ ಕೆಲವರಿಗೆ ಅಥವಾ ಕೆಲವು ಸಂಸ್ಥೆಗಳಿಗೆ ಕಾನೂನಿನಿಂದ ಬಿಡುಗಡೆ ಕೊಟ್ಟ ಉದಾಹರಣೆಗಳು ಸಾಮಾನ್ಯ ಓದುಗರು ಊಹಿಸುವುದಕ್ಕಿಂತ ಹೆಚ್ಚಾಗಿವೆ. ದ್ವಿಚಕ್ರ ವಾಹನ ಸವಾರರೆಲ್ಲ ಹೆಲ್ಮೆಟ್ ಧರಿಸಬೇಕೆನ್ನುವ 1988ರ ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಪೇಟ ಧರಿಸಿದ ಸಿಖ್ಖರನ್ನು ಆ ನಿಯಮದಿಂದ ಹೊರಗಿಟ್ಟಿದೆ. ಪ್ರಾಣಿಹಿಂಸೆಯನ್ನು ತಡೆಯಲು ಬಂದ 1960ರ ಕಾಯ್ದೆಯ 28ನೇ ಸೆಕ್ಷನ್, ಯಾವುದೇ ಸಮುದಾಯದ ಧರ್ಮ ಬಯಸುವ ರೀತಿಯಲ್ಲಿ ಪ್ರಾಣಿಯನ್ನು ಕೊಲ್ಲುವುದು ಅಪರಾಧವಲ್ಲ ಎನ್ನುತ್ತದೆ. ಕೃಪಾಣವನ್ನು ಧರಿಸುವುದು ಸಿಖ್ ಧರ್ಮಾಚರಣೆಯ ಭಾಗವೆಂದು ಸಂವಿಧಾನವೇ 25ನೇ ವಿಧಿಯ ವಿವರಣೆಯಲ್ಲಿ ಒಪ್ಪಿಕೊಂಡಿದೆ. ಆದಾಯ ತೆರಿಗೆಯ ವ್ಯವಸ್ಥೆಯಲ್ಲಿ ಹಿಂದೂ ಅವಿಭಕ್ತ ಕುಟುಂಬಕ್ಕೆ, ಅಂದರೆ ಒಂದೇ ಮೂಲಪುರುಷನಿಂದ ಬಂದು ಆಸ್ತಿಯನ್ನು ಒಟ್ಟಾಗಿ ಹೊಂದಿರುವ ಕುಟುಂಬಕ್ಕೆ, ಪ್ರತ್ಯೇಕ ತೆರಿಗೆದಾರನ ಸ್ಥಾನವಿದ್ದು, ಮುಸ್ಲಿಂ ಅಥವಾ ಕ್ರೈಸ್ತ ಕುಟುಂಬಗಳಿಗೆ ಅದು ದೊರೆಯುವುದಿಲ್ಲ. ವಿನಾಯಿತಿಯೆಂದರೆ ಅಲ್ಪಸಂಖ್ಯಾತರಿಗೆ ಸಿಗುವ ರಿಯಾಯಿತಿ ಎಂದು ಭಾವಿಸುವವರು ಈ ಕೊನೆಯ ಉದಾಹರಣೆಯನ್ನು ಮರೆಯುವುದೇ ಹೆಚ್ಚು.

ಇಂತಹ ವಿನಾಯಿತಿಗಳಿಗೆ ಧರ್ಮ ಅರ್ಹವೇ ಎಂಬ ಪ್ರಶ್ನೆ ಹೊಸದಲ್ಲ. ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ 1689ರಲ್ಲಿ ಪ್ರಕಟವಾದ, ಧಾರ್ಮಿಕ ಸಹಿಷ್ಣುತೆಯನ್ನು ಕುರಿತ ತನ್ನ ಪತ್ರದಲ್ಲಿ ಕರುವೊಂದರ ಉದಾಹರಣೆ ಕೊಟ್ಟು ಇದಕ್ಕೆ ಉತ್ತರಿಸಲು ಯತ್ನಿಸಿದ್ದ. ತನ್ನ ಮನೆಯಲ್ಲಿ ತನ್ನದೇ ಕರುವನ್ನು ಕಡಿದು ತಿನ್ನಲು ಒಬ್ಬನಿಗೆ ಅವಕಾಶವಿದೆಯೆಂದಾದರೆ, ಅದೇ ಕರುವನ್ನು ದೇವರಿಗೆಂದು ಬಲಿ ಕೊಡುವುದನ್ನು ಸರ್ಕಾರ ತಡೆಯಕೂಡದು. ಆದರೆ ರೋಗದಿಂದ ದನಗಳು ಸತ್ತು, ಮಂದೆ ಮತ್ತೆ ಬೆಳೆಯಲೆಂದು ಸರ್ಕಾರ ಸ್ವಲ್ಪ ಕಾಲ ಎಲ್ಲರಿಗೂ ಕರು ಕಡಿಯುವುದನ್ನು ನಿಷೇಧಿಸಿದರೆ, ಬಲಿ ಕೊಡುವವನೂ ಆ ನಿಷೇಧಕ್ಕೆ ಬದ್ಧ ಎಂಬುದು ಅವನ ನಿಲುವು. ಧರ್ಮವೆಂಬ ಕಾರಣಕ್ಕೆ ಶಿಕ್ಷೆಯೂ ಇರಬಾರದು, ರಿಯಾಯಿತಿಯೂ ಇರಬಾರದು ಎಂಬ ಈ ನಿಲುವು ಕೇಳಲು ಚೊಕ್ಕವಾಗಿದೆ. ಆದರೆ ಎಲ್ಲರಿಗೂ ಅನ್ವಯವಾಗುವ ನಿಯಮ ಬರೆಯುವವರು ಸಾಮಾನ್ಯವಾಗಿ ತಮ್ಮ ಸಮಾಜದ ಬಹುಸಂಖ್ಯಾತರ ರೂಢಿಯನ್ನೇ ಕಣ್ಣಮುಂದೆ ಇಟ್ಟುಕೊಂಡಿರುತ್ತಾರೆಂಬುದನ್ನು ಅದು ಗಣಿಸುವುದಿಲ್ಲ. ಭಾನುವಾರ ರಜೆಯಿರುವ ದೇಶದಲ್ಲಿ ಕ್ರೈಸ್ತನಿಗೆ ವಿನಾಯಿತಿ ಬೇಕಾಗುವುದಿಲ್ಲ, ಶನಿವಾರ ದುಡಿಯಲಾಗದ ಯಹೂದಿಗೆ ಬೇಕಾಗುತ್ತದೆ.

ಭಾರತದ ಸಂವಿಧಾನ ರಚಿಸಿದವರಿಗೆ ಇದಕ್ಕಿಂತ ಜಟಿಲವಾದ ಸಮಸ್ಯೆ ಎದುರಾಗಿತ್ತು. 1948ರ ಡಿಸೆಂಬರ್ 2ರಂದು ಸಂವಿಧಾನ ಸಭೆಯಲ್ಲಿ ಮಾತನಾಡಿದ ಬಿ.ಆರ್. ಅಂಬೇಡ್ಕರ್, ಈ ದೇಶದಲ್ಲಿ ಧರ್ಮದ ಕಲ್ಪನೆ ಹುಟ್ಟಿನಿಂದ ಸಾವಿನವರೆಗೆ ಬದುಕಿನ ಪ್ರತಿಯೊಂದು ಅಂಶವನ್ನೂ ಆವರಿಸಿಕೊಂಡಿದೆಯೆಂದೂ, ಅದನ್ನೆಲ್ಲ ಧರ್ಮವೆಂದು ಕಾಪಾಡಲು ಹೊರಟರೆ ಸಾಮಾಜಿಕ ಸುಧಾರಣೆ ಅಸಾಧ್ಯವಾಗುತ್ತದೆಂದೂ ಎಚ್ಚರಿಸಿದ್ದರು. ಆದ್ದರಿಂದಲೇ 25ನೇ ವಿಧಿಯು ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನೂ ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನೂ ಕೊಡುತ್ತಲೇ, ಆ ಹಕ್ಕನ್ನು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಹಾಗೂ ಇತರ ಮೂಲಭೂತ ಹಕ್ಕುಗಳಿಗೆ ಒಳಪಡಿಸಿದೆ. ಸುಧಾರಣೆಯ ಕಾನೂನು ಮಾಡಲು, ಹಿಂದೂ ದೇವಾಲಯಗಳನ್ನು ಎಲ್ಲ ವರ್ಗದ ಹಿಂದೂಗಳಿಗೂ ತೆರೆಯಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿದೆ. 26ನೇ ವಿಧಿಯು ಧಾರ್ಮಿಕ ಪಂಗಡಗಳಿಗೆ ತಮ್ಮ ಧರ್ಮದ ವಿಷಯಗಳನ್ನು ತಾವೇ ನಡೆಸಿಕೊಳ್ಳುವ ಹಕ್ಕು ನೀಡಿದೆ.

ಈ ಎರಡು ವಿಧಿಗಳ ಅರ್ಥವನ್ನು ನಿರ್ಧರಿಸಿದ ಮೊದಲ ದೊಡ್ಡ ಮೊಕದ್ದಮೆ ಹುಟ್ಟಿದ್ದು ಉಡುಪಿಯಲ್ಲಿ. ಅಷ್ಟಮಠಗಳಲ್ಲೊಂದಾದ ಶಿರೂರು ಮಠವು ಪರ್ಯಾಯದ ಸರದಿ ಬಂದಾಗ ಕೃಷ್ಣಪೂಜೆ ಮತ್ತು ಅನ್ನಸಂತರ್ಪಣೆಯ ಖರ್ಚಿನಿಂದ ಸಾಲಕ್ಕೆ ಸಿಲುಕಿತ್ತು. ಆಗ ಉಡುಪಿ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದರಿಂದ, ಅಲ್ಲಿನ ಧರ್ಮಾದಾಯ ಮಂಡಳಿ ಮಠದ ಆಡಳಿತವನ್ನು ಕ್ರಮಕ್ಕೆ ತರಲು ಮುಂದಾಯಿತು. ಮಠಾಧಿಪತಿಗಳಾದ ಲಕ್ಷ್ಮೀಂದ್ರ ತೀರ್ಥರು ನ್ಯಾಯಾಲಯದ ಮೊರೆಹೋದರು. 1954ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠದ ಪರವಾಗಿ ತೀರ್ಪು ಬರೆದ ಬಿ.ಕೆ. ಮುಖರ್ಜಿಯವರು, ಧರ್ಮವೆಂದರೆ ಬರಿಯ ನಂಬಿಕೆಯಲ್ಲ, ಪೂಜೆ, ಆಹಾರ, ಉಡುಪುಗಳ ನಿಯಮವೂ ಅದರ ಭಾಗವಾಗಿರಬಹುದೆಂದೂ, ಯಾವುದು ಧರ್ಮದ ಅತ್ಯಗತ್ಯ ಅಂಗವೆಂಬುದನ್ನು ಮುಖ್ಯವಾಗಿ ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕೆಂದೂ ಹೇಳಿದರು. ಅಧಿಕಾರಿಯೊಬ್ಬ ಬೇಕೆಂದಾಗ ಗರ್ಭಗುಡಿಯವರೆಗೆ ನುಗ್ಗಬಹುದೆನ್ನುವ ಸೆಕ್ಷನ್ ಬಿದ್ದುಹೋಯಿತು. ಆದರೆ ಆಸ್ತಿಯ ಆಡಳಿತದ ಮೇಲೆ ನಿಗಾ ಇಡಲು ಸರ್ಕಾರಕ್ಕಿರುವ ಅಧಿಕಾರ ಉಳಿಯಿತು. ಪೂಜೆ ಮಠದ್ದು, ಲೆಕ್ಕಪತ್ರ ಸಾರ್ವಜನಿಕರದ್ದೂ ಹೌದು ಎಂಬ ಈ ವಿಂಗಡಣೆ ಇಂದಿಗೂ ವಿವೇಕದ್ದೆಂದೇ ಹೇಳಬೇಕು.

ಕೆಲವೇ ವರ್ಷಗಳಲ್ಲಿ ಅದೇ ಕರಾವಳಿಯ ಮೂಲ್ಕಿಯಿಂದ ಮತ್ತೊಂದು ಪ್ರಶ್ನೆ ಬಂತು. ಅಲ್ಲಿನ ವೆಂಕಟರಮಣ ದೇವಸ್ಥಾನ ಗೌಡ ಸಾರಸ್ವತ ಬ್ರಾಹ್ಮಣರ ಪಂಗಡಕ್ಕೆ ಸೇರಿದ್ದು, ಯಾರು ಒಳಗೆ ಬರಬಹುದೆಂಬುದು ತಮ್ಮ ಧರ್ಮದ ವಿಷಯ ಎಂದು ಆಡಳಿತದವರು ವಾದಿಸಿದರು. ದೇವಸ್ಥಾನ ಪಂಗಡದ್ದೇ ಹೌದು, ಪ್ರವೇಶದ ನಿಯಮ ಧರ್ಮದ ವಿಷಯವೂ ಹೌದು ಎಂದು ಒಪ್ಪಿದ ಸುಪ್ರೀಂ ಕೋರ್ಟ್, ಆದರೂ ಎಲ್ಲ ಹಿಂದೂಗಳಿಗೆ ದೇವಾಲಯ ತೆರೆಯುವ ಕಾನೂನು ಆ ಹಕ್ಕಿಗಿಂತ ಮೇಲೆ ನಿಲ್ಲುತ್ತದೆಂದು ತೀರ್ಮಾನಿಸಿತು. ಕೆಲವು ವಿಶೇಷ ಸೇವೆಗಳನ್ನು ಮಾತ್ರ ಪಂಗಡದವರಿಗೆ ಕಾಯ್ದಿರಿಸಿತು. ಈ ತೀರ್ಪಿನ ಬಲವಿರುವುದು ಅದರ ಪ್ರಾಮಾಣಿಕತೆಯಲ್ಲಿ. ಅಸ್ಪೃಶ್ಯರನ್ನು ಹೊರಗಿಡುವುದು ನಿಜವಾದ ಧರ್ಮವಲ್ಲ ಎಂದು ಸಾಧಿಸುವ ಗೋಜಿಗೆ ಅದು ಹೋಗಲಿಲ್ಲ. ಅದು ಧರ್ಮವಾಗಿದ್ದರೂ ಹೊರಗೆ ನಿಂತವನ ಘನತೆಯ ಮುಂದೆ ಅದಕ್ಕೆ ವಿನಾಯಿತಿಯಿಲ್ಲ ಎಂದಿತು.

ಮುಂದಿನ ದಶಕಗಳಲ್ಲಿ ನ್ಯಾಯಾಲಯಗಳು ಈ ದಾರಿಯನ್ನು ಬಿಟ್ಟು ಇನ್ನೊಂದನ್ನು ಹಿಡಿದವು. ಶಿರೂರು ತೀರ್ಪು ಧರ್ಮದ ಸಿದ್ಧಾಂತಕ್ಕೇ ಬಿಟ್ಟುಕೊಟ್ಟಿದ್ದ ನಿರ್ಧಾರವನ್ನು ನ್ಯಾಯಾಧೀಶರು ತಮ್ಮ ಕೈಗೆ ತೆಗೆದುಕೊಂಡು, ಗ್ರಂಥಗಳನ್ನು ತಿರುವಿ, ಯಾವ ಆಚರಣೆ ಅತ್ಯಗತ್ಯ, ಯಾವುದು ಮೂಢನಂಬಿಕೆಯಿಂದ ಬಂದು ಸೇರಿಕೊಂಡಿದ್ದು ಎಂದು ವಿಂಗಡಿಸತೊಡಗಿದರು. ಇದನ್ನೇ ‘ಅತ್ಯಗತ್ಯ ಧಾರ್ಮಿಕ ಆಚರಣೆ’ಯ ಪರೀಕ್ಷೆ ಎನ್ನುತ್ತಾರೆ. 1955ರಲ್ಲಿ ಸ್ಥಾಪನೆಯಾದ ಆನಂದಮಾರ್ಗ ಪಂಥದವರಿಗೆ ಅವರ ಗುರು 1966ರಲ್ಲಿ ತಾಂಡವ ನೃತ್ಯವನ್ನು ವಿಧಿಸಿದರು. ಪಂಥ ಹುಟ್ಟಿದ ಮೇಲೆ ಬಂದದ್ದರಿಂದ ಬೀದಿಯಲ್ಲಿ ತಾಂಡವ ಮಾಡುವುದು ಅದರ ಅತ್ಯಗತ್ಯ ಅಂಗವಲ್ಲ ಎಂದು 1983ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತಲೆಬುರುಡೆ, ಚೂರಿಗಳನ್ನು ಹಿಡಿದು ಜನನಿಬಿಡ ರಸ್ತೆಯಲ್ಲಿ ಮೆರವಣಿಗೆ ಹೋಗುವುದನ್ನು ಸುವ್ಯವಸ್ಥೆಯ ಕಾರಣ ನೀಡಿ ನೇರವಾಗಿಯೇ ನಿಯಂತ್ರಿಸಬಹುದಾಗಿತ್ತು. ಅದರ ಬದಲು, ಹಳೆಯದಾದರೆ ಧರ್ಮ, ಹೊಸದಾದರೆ ಅಲ್ಲ ಎಂಬ ಅಳತೆಗೋಲನ್ನು ನ್ಯಾಯಾಲಯ ಒಪ್ಪಿಕೊಂಡಂತಾಯಿತು. ಇಂತಹ ಅಳತೆಗೋಲಿನಿಂದ ಅಳೆದರೆ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಆರಂಭಿಸಿದ ಆಚರಣೆಗಳಿಗೂ ಆ ಕಾಲದಲ್ಲಿ ರಕ್ಷಣೆ ಸಿಗುತ್ತಿರಲಿಲ್ಲ.

ಕರ್ನಾಟಕದ ಹಿಜಾಬ್ ವಿವಾದದಲ್ಲಿ ಈ ಪರೀಕ್ಷೆಯ ಇಕ್ಕಟ್ಟು ಎಲ್ಲರ ಕಣ್ಣಿಗೂ ಬಿತ್ತು. 2022ರ ಮಾರ್ಚ್ 15ರಂದು ರಾಜ್ಯ ಹೈಕೋರ್ಟಿನ ಪೂರ್ಣಪೀಠವು ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲವೆಂದು ತೀರ್ಪಿತ್ತು ಸಮವಸ್ತ್ರದ ಆದೇಶವನ್ನು ಎತ್ತಿಹಿಡಿಯಿತು. ಅದೇ ವರ್ಷದ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಹೇಮಂತ್ ಗುಪ್ತಾ ಆ ತೀರ್ಪನ್ನು ಒಪ್ಪಿದರೆ, ಸುಧಾಂಶು ಧುಲಿಯಾ ಅವರು ಅತ್ಯಗತ್ಯವೋ ಅಲ್ಲವೋ ಎಂಬ ಚರ್ಚೆಯೇ ಇಲ್ಲಿ ಬೇಕಿರಲಿಲ್ಲ, ಇದು ವಿದ್ಯಾರ್ಥಿನಿಯ ಆಯ್ಕೆಯ ಮತ್ತು ಶಿಕ್ಷಣದ ಪ್ರಶ್ನೆ ಎಂದರು. ಹದಿಹರೆಯದ ಹುಡುಗಿ ತರಗತಿಯಲ್ಲಿ ಕೂರಬಹುದೇ ಎಂಬುದು ನ್ಯಾಯಾಲಯವು ಕುರಾನಿನ ಸೂಕ್ತಗಳಿಗೆ ಮಾಡುವ ವ್ಯಾಖ್ಯಾನವನ್ನು ಅವಲಂಬಿಸಬೇಕಾಗಿ ಬಂದದ್ದು ಧರ್ಮಕ್ಕೂ ನ್ಯಾಯಾಂಗಕ್ಕೂ ಒಳಿತು ಮಾಡಲಿಲ್ಲ.

ಇದಕ್ಕಿಂತ ಉತ್ತಮವಾದ ವಿಧಾನವೊಂದು ಭಾರತದ ತೀರ್ಪುಗಳಲ್ಲಿಯೇ ಇದೆ. ಕೇರಳದ ಶಾಲೆಯೊಂದರಲ್ಲಿ ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥಕ್ಕೆ ಸೇರಿದ ಮೂವರು ಮಕ್ಕಳು ರಾಷ್ಟ್ರಗೀತೆಯ ಸಮಯದಲ್ಲಿ ಗೌರವದಿಂದ ಎದ್ದು ನಿಲ್ಲುತ್ತಿದ್ದರೂ, ದೇವರನ್ನುಳಿದು ಬೇರೆ ಯಾವುದನ್ನೂ ಸ್ತುತಿಸಬಾರದೆಂಬ ನಂಬಿಕೆಯಿಂದ ಹಾಡುತ್ತಿರಲಿಲ್ಲ. 1985ರಲ್ಲಿ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. 1986ರ ಆಗಸ್ಟ್‌ನಲ್ಲಿ ಅವರನ್ನು ಮತ್ತೆ ಸೇರಿಸಿಕೊಳ್ಳಲು ಆದೇಶಿಸಿದ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರು, ಆ ನಂಬಿಕೆ ತಮಗೆ ಸರಿಯೆನಿಸುತ್ತದೆಯೇ ಎಂದು ಕೇಳಿಕೊಳ್ಳಲಿಲ್ಲ. ಅದು ಪ್ರಾಮಾಣಿಕವಾದದ್ದೇ ಎಂದು ನೋಡಿದರು, ಮಕ್ಕಳ ಮೌನದಿಂದ ಯಾರಿಗೂ ಅಗೌರವವಾಗಿಲ್ಲ ಎಂಬುದನ್ನು ಕಂಡುಕೊಂಡರು.

ವಿನಾಯಿತಿ ಕೇಳಿದವರ ನಂಬಿಕೆ ಪ್ರಾಮಾಣಿಕವೇ, ಅದನ್ನು ಕೊಟ್ಟರೆ ಭಾರ ಹೊರುವವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡರೆ ಬಹುಪಾಲು ಮೊಕದ್ದಮೆಗಳ ದಾರಿ ಸ್ಪಷ್ಟವಾಗುತ್ತದೆ. ಪೇಟ ಧರಿಸಿದ ಸವಾರ ಅಪಾಯವನ್ನು ಮುಖ್ಯವಾಗಿ ತನ್ನ ತಲೆಯ ಮೇಲೆಯೇ ಎಳೆದುಕೊಳ್ಳುತ್ತಾನೆ. ಕೈಯಿಂದ ಕೂದಲು ಕಿತ್ತುಕೊಳ್ಳುವ ಕೇಶಲೋಚದ ನೋವನ್ನು ಜೈನ ಮುನಿಗಳು ತಾವೇ ಸಹಿಸುತ್ತಾರೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನಗಳು ದಾಖಲಿಸಿರುವ ಸಲ್ಲೇಖನದ, ಅಂದರೆ ಆಹಾರವನ್ನು ಕ್ರಮೇಣ ತ್ಯಜಿಸಿ ಮರಣವನ್ನು ಸ್ವೀಕರಿಸುವ ವ್ರತದ ವಿಷಯದಲ್ಲಿಯೂ, ರಾಜಸ್ಥಾನ ಹೈಕೋರ್ಟ್ 2015ರಲ್ಲಿ ಕೇಳಿದಂತೆ ಅದು ಜೈನಧರ್ಮಕ್ಕೆ ಅತ್ಯಗತ್ಯವೇ ಎಂದು ಕೇಳುವುದಕ್ಕಿಂತ, ವ್ರತ ಹಿಡಿದ ವೃದ್ಧೆಯ ನಿರ್ಧಾರ ಆಕೆಯದ್ದೇ, ಮನೆಯವರ ಒತ್ತಡವಿಲ್ಲವೇ ಎಂದು ಕೇಳುವುದು ಹೆಚ್ಚು ಮಾನವೀಯ. ಆ ಹೈಕೋರ್ಟಿನ ಆದೇಶಕ್ಕೆ ಸುಪ್ರೀಂ ಕೋರ್ಟ್ ಅದೇ ತಿಂಗಳಲ್ಲಿ ತಡೆ ನೀಡಿತು.

ಭಾರ ಬೇರೆಯವರ ಮೇಲೆ, ಅದರಲ್ಲೂ ಬೇಡವೆನ್ನಲಾಗದವರ ಮೇಲೆ ಬಿದ್ದಾಗ ಉತ್ತರ ಬದಲಾಗಲೇಬೇಕು. ದೇವರ ಹೆಸರಿನಲ್ಲಿ ಬಾಲಕಿಗೆ ಮುತ್ತು ಕಟ್ಟುವುದನ್ನು ಕರ್ನಾಟಕ 1982ರ ದೇವದಾಸಿ ನಿಷೇಧ ಕಾಯ್ದೆಯ ಮೂಲಕ ಅಪರಾಧವಾಗಿಸಿತು. ಆಕೆಯ ಬದುಕು ಹಾಳಾಗುವಾಗ ಅದು ಎಷ್ಟು ಹಳೆಯ ಸಂಪ್ರದಾಯವೆಂದು ಲೆಕ್ಕ ಹಾಕುವ ಅಗತ್ಯವಿರಲಿಲ್ಲ. ರಾಜ್ಯದ 2017ರ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆಯು ಎಂಜಲೆಲೆಗಳ ಮೇಲೆ ಉರುಳುವ ಮಡೆಸ್ನಾನದಂತಹವುಗಳನ್ನು ನಿಷೇಧಿಸುತ್ತ, ಪ್ರದಕ್ಷಿಣೆ, ಯಾತ್ರೆ, ಭಜನೆ, ಹರಿಕಥೆಗಳನ್ನು ಮುಟ್ಟಲಿಲ್ಲ. ಮಡೆಸ್ನಾನಕ್ಕೆ ಭಕ್ತರು ತಾವಾಗಿಯೇ ಬರುತ್ತಾರೆಂಬ ವಾದವಿತ್ತು. ಆದರೆ ಎಲೆಯಲ್ಲಿ ಉಂಡವರು ಯಾವ ಜಾತಿಯವರು, ಉರುಳುವವರಲ್ಲಿ ಹೆಚ್ಚಿನವರು ಯಾವ ಜಾತಿಯವರು ಎಂದು ನೋಡಿದಾಗ, ಸ್ವಇಚ್ಛೆ ಎಂಬ ಮಾತಿನ ಹಿಂದೆ ಶತಮಾನಗಳ ಏಣಿಶ್ರೇಣಿ ಕಾಣುತ್ತಿತ್ತು. ಅಮೆರಿಕದ ನ್ಯೂಯಾರ್ಕ್ ರಾಜ್ಯ ಶಾಲಾ ಮಕ್ಕಳ ಲಸಿಕೆಗೆ ಕೊಟ್ಟಿದ್ದ ಧಾರ್ಮಿಕ ವಿನಾಯಿತಿಯನ್ನು, ದಡಾರ ಹರಡಿದ ಮೇಲೆ, 2019ರ ಜೂನ್‌ನಲ್ಲಿ ರದ್ದುಪಡಿಸಿತು. ನಂಬಿಕೆ ತಂದೆತಾಯಿಯರದ್ದಾಗಿದ್ದು, ಅಪಾಯ ಅವರ ಮಗುವಿಗೂ ಪಕ್ಕದ ಮನೆಯ ಮಗುವಿಗೂ ಇತ್ತು.

ಹಾಗಾದರೆ ವಿನಾಯಿತಿ ಧರ್ಮಕ್ಕೆ ಮಾತ್ರ ಏಕೆ? ದೇವರನ್ನು ನಂಬದವನ ಅಂತಃಸಾಕ್ಷಿಯೂ ಅಷ್ಟೇ ಗಟ್ಟಿಯಾಗಿರಬಲ್ಲದು. ಅಮೆರಿಕದ ಸುಪ್ರೀಂ ಕೋರ್ಟ್ 1965 ಮತ್ತು 1970ರ ಎರಡು ತೀರ್ಪುಗಳಲ್ಲಿ, ಕಡ್ಡಾಯ ಸೈನ್ಯಸೇವೆಯಿಂದ ಧಾರ್ಮಿಕ ಕಾರಣಕ್ಕೆ ಸಿಗುತ್ತಿದ್ದ ಬಿಡುಗಡೆಯನ್ನು, ಕೊಲ್ಲಲಾರೆನೆಂಬ ಆಳವಾದ ನೈತಿಕ ನಂಬಿಕೆಯಿದ್ದವರಿಗೂ ವಿಸ್ತರಿಸಿತು. ಭಾರತದ 25ನೇ ವಿಧಿ ಧರ್ಮಕ್ಕಿಂತ ಮೊದಲು ಅಂತಃಸಾಕ್ಷಿಯನ್ನು ಹೆಸರಿಸಿರುವುದರಿಂದ ಇಲ್ಲಿಯೂ ಆ ದಾರಿ ತೆರೆದೇ ಇದೆ. ರಕ್ಷಣೆಗೆ ಅರ್ಹವಾದದ್ದು ಮನುಷ್ಯನ ಆಳದ ನಂಬಿಕೆ. ಧರ್ಮ ಅದರ ಬಹುದೊಡ್ಡ ರೂಪವಾದ್ದರಿಂದ ಅದಕ್ಕೆ ರಕ್ಷಣೆ ಸಲ್ಲಬೇಕೇ ಹೊರತು ಸಂಸ್ಥೆಯ ಹಣಕ್ಕೋ ಅಧಿಕಾರಕ್ಕೋ ಅಲ್ಲ. ಹೆಸರಿಲ್ಲದ ದೇಣಿಗೆಗಳ ಮೇಲೆ ತೆರಿಗೆ ಹಾಕಲು 2006ರಲ್ಲಿ ಆದಾಯ ತೆರಿಗೆ ಕಾಯ್ದೆಗೆ ಹೊಸ ಸೆಕ್ಷನ್ ಸೇರಿಸಿದಾಗ, ಕೇವಲ ಧಾರ್ಮಿಕ ಉದ್ದೇಶದ ಟ್ರಸ್ಟ್‌ಗಳನ್ನು ಅದರಿಂದ ಹೊರಗಿಡಲಾಯಿತು. ಹುಂಡಿಗೆ ಕಾಣಿಕೆ ಹಾಕುವವರ ಹೆಸರು ಕೇಳಲಾಗುವುದಿಲ್ಲವೆಂಬುದು ನಿಜ, ಆದರೆ ಹುಂಡಿಯ ಹಣ ಎಲ್ಲಿ ಹೋಯಿತೆಂದು ಕೇಳಬಹುದು. ಕರ್ನಾಟಕದಲ್ಲಿ ಮುಜರಾಯಿ ದೇವಸ್ಥಾನಗಳು ಈ ಲೆಕ್ಕ ಕೊಡುತ್ತಿದ್ದರೆ, ಮಠಗಳು 1997ರ ಧರ್ಮಾದಾಯ ದತ್ತಿ ಕಾಯ್ದೆಯ ವ್ಯಾಪ್ತಿಗೇ ಬರುವುದಿಲ್ಲ.

ಭಾರ ಯಾರ ಮೇಲೆ ಎಂಬ ಪ್ರಶ್ನೆಯನ್ನು ಕೇಳದೆ ಬಿಟ್ಟಾಗ ಏನಾಗುತ್ತದೆಂಬುದಕ್ಕೆ 1962ರ ತೀರ್ಪು ಸಾಕ್ಷಿಯಾಗಿದೆ. ಸಮುದಾಯದಿಂದ ಬಹಿಷ್ಕರಿಸುವುದನ್ನು ಅಪರಾಧವಾಗಿಸಿದ್ದ ಮುಂಬಯಿ ಪ್ರಾಂತ್ಯದ 1949ರ ಕಾನೂನನ್ನು ದಾವೂದಿ ಬೋಹ್ರಾ ಸಮುದಾಯದ ಧರ್ಮಗುರುಗಳು ಪ್ರಶ್ನಿಸಿದಾಗ, ಬಹಿಷ್ಕಾರ ಪಂಗಡದ ಧರ್ಮದ ವಿಷಯವೆಂದು ಒಪ್ಪಿದ ಸುಪ್ರೀಂ ಕೋರ್ಟ್ ಆ ಕಾನೂನನ್ನು ರದ್ದುಗೊಳಿಸಿತು. ಬಹಿಷ್ಕೃತನಿಗೆ ಮಸೀದಿಯ ಬಾಗಿಲು ಮುಚ್ಚುತ್ತದೆ, ಸತ್ತಾಗ ಹೂಳಲು ಸಮುದಾಯದ ಜಾಗವೂ ಸಿಗುವುದಿಲ್ಲ. ಆ ಕಾನೂನು ಉಳಿಸಲು ಹೊರಟಿದ್ದು ಮನುಷ್ಯನ ಘನತೆಯನ್ನು ಎಂದು ಭಿನ್ನಮತದ ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ಬಿ.ಪಿ. ಸಿನ್ಹಾ ಒಬ್ಬರೇ, ಮತ್ತು ಸರಿಯಾಗಿ ಹೇಳಿದವರೂ ಅವರೇ. 2023ರ ಫೆಬ್ರುವರಿಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಈ ತೀರ್ಪನ್ನು ಮರುಪರಿಶೀಲಿಸಬೇಕೆಂದು ಒಪ್ಪಿ, ಶಬರಿಮಲೆ ದೇವಸ್ಥಾನಕ್ಕೆ ಮಹಿಳೆಯರ ಪ್ರವೇಶದ ಪ್ರಕರಣದಿಂದ ಹುಟ್ಟಿದ ಪ್ರಶ್ನೆಗಳ ಜೊತೆಗೆ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿತು.